ಬೆಂಗಳೂರಿನ ಹೆಸರು, ಬೆಂಗಳೂರಿಲ್ಲದ ಪ್ರಯೋಗ

ಎರಡನೆಯ ಭಾಷೆಯ ಕಲಿಕೆಯನ್ನು ಅಧ್ಯಯನ ಮಾಡುವವರಿಗೆ ‘ಬೆಂಗಳೂರು ಪ್ರಾಜೆಕ್ಟ್’ ಚಿರಪರಿಚಿತ. ಅಪರಿಚಿತವಾಗಿರುವುದು ಬೆಂಗಳೂರಿನವರಿಗೇ. 1979ರಿಂದ 1984ರವರೆಗೆ ಇಲ್ಲಿಯ ಮತ್ತು ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ, ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು ಮತ್ತು ಸಂಗಡಿಗರು ಇಂಗ್ಲಿಷ್ ಕಲಿಸುವ ಹೊಸ ಬಗೆಯನ್ನು ಪರೀಕ್ಷಿಸಿದರು. ಅದರ ಕಥನವೇ 1987ರಲ್ಲಿ ಬಂದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’.

ಪ್ರಭು ಅವರ ವಾದ ಸರಳ, ಆದರೆ ಆ ಕಾಲಕ್ಕೆ ಎದೆಗಾರಿಕೆಯದು. ಮನಸ್ಸು ಅರ್ಥದ ಬೆನ್ನು ಹತ್ತಿರುವಾಗ ವ್ಯಾಕರಣ ತನಗೆ ತಾನೇ ಒಳಗೆ ಕೂರುತ್ತದೆ ಎಂಬುದು. ಹಾಗಾಗಿ ವಾಕ್ಯಮಾದರಿಗಳನ್ನು ಉರು ಹೊಡೆಸುವುದನ್ನು ಬಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಇಟ್ಟರು. ಯಾವ ರೈಲು ಹಿಡಿದರೆ ಹೊತ್ತಿಗೆ ಮುಟ್ಟಬಹುದು? ಮೇಷ್ಟರು ಮೊದಲು ಇಡೀ ತರಗತಿಯೊಡನೆ ಇಂಥದ್ದೊಂದು ಲೆಕ್ಕ ಬಿಡಿಸುತ್ತಾರೆ, ಆಮೇಲೆ ಮಕ್ಕಳು ಅದೇ ಬಗೆಯ ಇನ್ನೊಂದನ್ನು ತಾವೇ ಬಿಡಿಸುತ್ತಾರೆ. ಉತ್ತರ ಸರಿಯೇ ಎಂಬುದು ಮುಖ್ಯ, ವಾಕ್ಯ ಸರಿಯೇ ಎಂಬುದಲ್ಲ. ಅಂಥ ತರಗತಿಗಳು ನಡೆದದ್ದು ಬಡ ಶಾಲೆಗಳಲ್ಲಿ, ಕಿಕ್ಕಿರಿದ ಕೋಣೆಗಳಲ್ಲಿ. ಸಿದ್ಧಾಂತವನ್ನು ಅಲ್ಲಿಗೆ ಒಯ್ದು ಒರೆಗೆ ಹಚ್ಚಿದ ಧೈರ್ಯ ಈ ಕ್ಷೇತ್ರದಲ್ಲಿ ಅಪರೂಪ.

ಫಲಿತಾಂಶ? ಎಡಿನ್‌ಬರೊದಿಂದ ಬಂದ ಬೆರೆಟ್ಟಾ ಮತ್ತು ಡೇವೀಸ್ ಪರೀಕ್ಷೆ ನಡೆಸಿ 1985ರಲ್ಲಿ ವರದಿ ಕೊಟ್ಟರು. ಹಳೆಯ ಪದ್ಧತಿಯ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ, ಹೊಸ ಪದ್ಧತಿಯ ಮಕ್ಕಳು ಲೆಕ್ಕ ಬಿಡಿಸುವ ಪರೀಕ್ಷೆಯಲ್ಲಿ ಮುಂದಿದ್ದರು. ಪ್ರತಿ ಗುಂಪೂ ತಾನು ಅಭ್ಯಾಸ ಮಾಡಿದ್ದರಲ್ಲಿ ಗೆದ್ದಿತು ಅನ್ನಿ. ಇವೆರಡೂ ಅಲ್ಲದ ಪರೀಕ್ಷೆಗಳಲ್ಲಿ ಹೊಸ ಪದ್ಧತಿ ಒಟ್ಟಾರೆ ಮೇಲುಗೈ ಪಡೆದದ್ದು ನಿಜ. ಆದರೆ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಇದ್ದ ತರಗತಿಗಳನ್ನೇ ಹೋಲಿಸಿದ್ದರು. ಗೆಲುವು ಪದ್ಧತಿಯದೋ ಕಲಿಸಿದವರ ಉತ್ಸಾಹದ್ದೋ ಹೇಳಲಾಗದು.

ನನ್ನ ದೊಡ್ಡ ತಕರಾರು ಬೇರೆ ಇದೆ. ಮಕ್ಕಳು ಗುಂಪು ಕೂಡಿ ಇಂಗ್ಲಿಷ್ ಆಡುವುದನ್ನು ಪ್ರಭು ಅಷ್ಟಾಗಿ ಒಪ್ಪಲಿಲ್ಲ. ಒಬ್ಬರ ತಪ್ಪು ಮಾತು ಇನ್ನೊಬ್ಬರಲ್ಲಿ ಗಟ್ಟಿಯಾದೀತೆಂಬ ಅಳುಕು ಅವರದು. ಆದರೆ ಬೆಂಗಳೂರಿನ ಶಿವಾಜಿನಗರದ ಓಣಿಯಲ್ಲಿ ಉರ್ದು ಮನೆಯ ಹುಡುಗ ತಮಿಳನ್ನೂ, ತಮಿಳು ಮನೆಯ ಹುಡುಗಿ ಕನ್ನಡವನ್ನೂ ಕಲಿಯುವುದು ಯಾರಿಂದ? ಜೊತೆಗಾರರಿಂದ, ತಪ್ಪುತಪ್ಪಾಗಿ ಆಡುತ್ತ, ನಗಿಸಿಕೊಳ್ಳುತ್ತ. ಕೆಲವು ತಪ್ಪು ಉಳಿಯುತ್ತವೆ, ಮಾತಂತೂ ಬರುತ್ತದೆ. ಇಂಗ್ಲಿಷು ಓಣಿಯಲ್ಲಿ ಕಿವಿಗೆ ಬೀಳುವ ಭಾಷೆಯಾಗಿರಲಿಲ್ಲ, ಸರಿಯಾದ ಮಾದರಿ ಮೇಷ್ಟರ ಬಾಯಲ್ಲಷ್ಟೇ ಇತ್ತು ಎಂಬ ಸಮಾಧಾನ ಹೇಳಬಹುದು, ತಕ್ಕಮಟ್ಟಿಗೆ ಒಪ್ಪುತ್ತೇನೆ. ಆದರೂ ಆಗಲೇ ಎರಡು ಮೂರು ಭಾಷೆ ದಕ್ಕಿಸಿಕೊಂಡ ಮಗು ಮುಂದಿನ ಭಾಷೆಯನ್ನು ಕಲಿಯುವ ರೀತಿ ಏಕಭಾಷಿಕ ಮಗುವಿನಂತೆಯೇ ಇರುತ್ತದೆಯೇ? ಈ ಪ್ರಶ್ನೆ ಕೇಳಲು ಬೆಂಗಳೂರಿಗಿಂತ ಒಳ್ಳೆಯ ಊರು ಸಿಗದು. ಪ್ರಯೋಗ ಅದನ್ನು ತನ್ನ ಪ್ರಶ್ನೆಯಾಗಿ ಮಾಡಿಕೊಳ್ಳಲೇ ಇಲ್ಲ.

ಪುಸ್ತಕ ತೆಳ್ಳಗಿದೆ, ಬರವಣಿಗೆ ತಿಳಿಯಾಗಿದೆ, ಪಾಠಗಳ ಮಾತುಕತೆಯನ್ನು ಇದ್ದ ಹಾಗೇ ಕೊಟ್ಟಿರುವುದು ಇಂದಿಗೂ ಉಪಯುಕ್ತ. ಭಾಷೆ ಕಲಿಸುವವರು ಅವಶ್ಯ ಓದಲಿ. ಸಂಶೋಧನೆಗೆ ಇಳಿಯುವವರು ಮಾತ್ರ ತರಗತಿಯ ಬಾಗಿಲ ಹೊರಗೂ ಒಂದು ರೆಕಾರ್ಡರ್ ಇಡಲಿ.