ಭೀಮೇಶ್ವರಿ ಶಿಬಿರ: ಹೊಳೆ ಮೊದಲು, ಹಗ್ಗ ಆಮೇಲೆ

ಶಿವನಸಮುದ್ರದಲ್ಲಿ ಧುಮ್ಮಿಕ್ಕಿದ ಕಾವೇರಿ, ಮೇಕೆದಾಟಿನ ಬಂಡೆಗಳ ಸಂದಿಗೆ ನುಗ್ಗುವ ಮುನ್ನ ಗುಡ್ಡಗಳ ನಡುವೆ ಹರಿಯುವ ಕಣಿವೆಯಲ್ಲಿದೆ ಭೀಮೇಶ್ವರಿ. ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಮುತ್ತತ್ತಿ ಕಡೆಯ ದಾರಿ ಹಿಡಿದರೆ ಕಾವೇರಿ ವನ್ಯಜೀವಿಧಾಮದ ಕಾಡು ಎದುರಾಗುತ್ತದೆ. ಅಲ್ಲಿ ಹೊಳೆಯ ದಡದಲ್ಲೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರ. ಮಕ್ಕಳು, ವಯಸ್ಸಾದ ಅಪ್ಪ ಅಮ್ಮನ ಸಮೇತ ಹೋಗಿ ಒಂದೆರಡು ರಾತ್ರಿ ತಂಗಲು ಇದು ಯೋಗ್ಯವೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೌದು. ಆದರೆ ಜಾಹೀರಾತಿನಲ್ಲಿ ಕಾಣುವ ಆಟಗಳಿಗಾಗಿ ಅಲ್ಲ, ಅವು ಬರುವ ಮೊದಲೇ ಅಲ್ಲಿದ್ದ ಹೊಳೆ ಮತ್ತು ಮರಗಳಿಗಾಗಿ.

ಭೀಮೇಶ್ವರಿಗೆ ಮೊದಲು ಹೆಸರು ತಂದುಕೊಟ್ಟಿದ್ದು ಬಿಳಿಮೀನು, ಅಂದರೆ ಮಹಶೀರ್. ದೇಶ ವಿದೇಶಗಳ ಹವ್ಯಾಸಿಗಳು ಇಲ್ಲಿಗೆ ಬಂದು ಗಾಳ ಹಾಕುತ್ತಿದ್ದರು. ಸಿಕ್ಕ ಮೀನನ್ನು ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲಿನ ಊರಿನ ಕೆಲವರು ಈ ಹವ್ಯಾಸಿಗಳಿಗೆ ಮಾರ್ಗದರ್ಶಕರಾದರು, ಸಿಡಿಮದ್ದು ಹಾಕುವವರಿಂದ ಮೀನನ್ನು ಕಾಯುವವರೂ ಆದರು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಶಿಬಿರ ಸಾಹಸ ಕ್ರೀಡೆಗಳ ಕಡೆ ಹೊರಳಿತು. ಜಿಪ್‌ಲೈನ್, ಹಗ್ಗದ ನಡಿಗೆ, ಕಯಾಕಿಂಗ್ ಬಂದವು. ಗಾಳ ನಿಂತದ್ದಕ್ಕೆ ನನ್ನ ಆಕ್ಷೇಪವಿಲ್ಲ. ಬೇಸರವಿರುವುದು, ಗಾಳದ ಜೊತೆಗೆ ಮೀನಿನ ಕಥೆಯೂ ಹಿಂದೆ ಸರಿದದ್ದಕ್ಕೆ. ಕಾವೇರಿ ಜಲಾನಯನ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿದೆ. ಈ ದಡಕ್ಕೆ ಬರುವ ಪ್ರತಿ ಮಗುವೂ ಆ ಮೀನಿನ ಹೆಸರು ತಿಳಿದುಕೊಂಡೇ ಮನೆಗೆ ಹೋಗಬೇಕು.

ಗುಡ್ಡದ ಮೇಲಿನ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತರೂ ಹೊಳೆಯಂಚು ಹಸಿರಾಗಿಯೇ ಇರುತ್ತದೆ. ನುಣುಪು ಬಿಳಿ ತೊಗಟೆಯ ಹೊಳೆಮತ್ತಿ ಮರಗಳು ನೀರಿನ ಮೇಲಕ್ಕೆ ಬಾಗಿ ನಿಂತಿವೆ. ಅಲ್ಲಲ್ಲಿ ಹುಣಸೆ, ಹೊಂಗೆ, ನೇರಳೆ. ಈ ಮರಗಳ ತುದಿಯಲ್ಲಿ ಬೂದು ಬಣ್ಣದ ದೊಡ್ಡಳಿಲು ಬದುಕುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಮುಖ್ಯ ನೆಲೆ ಈ ಹೊಳೆಸಾಲೇ. ಮೈಯುದ್ದದ ಪೊದೆಬಾಲ ಇಳಿಬಿಟ್ಟು, ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಜೋತು, ಮುಂಗಾಲಲ್ಲಿ ಕಾಯಿ ತಿರುಗಿಸಿ ತಿರುಗಿಸಿ ಕಚ್ಚುತ್ತದೆ. ಅದು ನೆಲಕ್ಕಿಳಿಯುವುದು ಅಪರೂಪ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದ್ದರಷ್ಟೇ ಅದಕ್ಕೆ ದಾರಿ, ಗೂಡು ಕಟ್ಟಲು ಜಾಗ. ಒಂದು ಮರ ಕಡಿದರೆ ಆ ದಾರಿಯೇ ತುಂಡಾಗುತ್ತದೆ. ಕಾಡನ್ನು ಯಾಕೆ ಉಳಿಸಬೇಕೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಡ. ಬೆಳಗಿನ ನಡಿಗೆಯಲ್ಲಿ ಪ್ರಕೃತಿ ಮಾರ್ಗದರ್ಶಕರ ಜೊತೆ ಹೋದರೆ ಇದನ್ನು ತಾವಾಗಿಯೇ ಕಲಿತ ಹಾಗಾಗುತ್ತದೆ.

ಶಿಬಿರದ ಚಟುವಟಿಕೆಗಳಲ್ಲಿ ನಾನು ಪೂರ್ತಿ ಅಂಕ ಕೊಡುವುದು ತೆಪ್ಪಕ್ಕೆ. ಬಿದಿರಿನ ಹೆಣಿಗೆಯ ಈ ದುಂಡು ದೋಣಿಗೆ ಎಂಜಿನ್ ಇಲ್ಲ, ಸದ್ದಿಲ್ಲ. ಹುಟ್ಟು ಹಾಕುವವರು ತೆಪ್ಪವನ್ನು ನೀರಿನ ಸೆಳವಿಗೆ ಬಿಟ್ಟು ಸುಮ್ಮನಾದರೆ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯನ್ನೂ ರೆಕ್ಕೆ ಹರಡಿ ಕೂತ ನೀರುಕಾಗೆಯನ್ನೂ ಅವುಗಳಿಗೆ ತೊಂದರೆಯಾಗದಂತೆ ನೋಡಬಹುದು. ಅದೃಷ್ಟವಿದ್ದರೆ ನೀರುನಾಯಿಗಳೂ ಕಾಣುತ್ತವೆ. ಮೂರು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಸಮನಾಗಿ ಸಿಗುವ ಸುಖ ಇದು. ಜಿಪ್‌ಲೈನ್‌ಗೆ ಆ ಗುಣವಿಲ್ಲ. ಒಬ್ಬರು ಜಾರುತ್ತಾರೆ, ಉಳಿದವರು ಕೆಳಗೆ ನಿಂತು ಮೊಬೈಲ್ ಹಿಡಿಯುತ್ತಾರೆ. ಹಗ್ಗದ ಮೇಲೆ ನಡೆಯುವ ಧೈರ್ಯ ಒಳ್ಳೆಯದೇ. ಆದರೆ ಅದನ್ನು ಯಾವ ಊರಿನ ಮೈದಾನದಲ್ಲಾದರೂ ಕಲಿಯಬಹುದು, ದೊಡ್ಡಳಿಲಿನ ಮರದ ಕೆಳಗೇ ಆಗಬೇಕೆಂದಿಲ್ಲ.

ತಂಗುವ ವ್ಯವಸ್ಥೆ ಕುಟುಂಬಗಳಿಗೆ ಹೊಂದುತ್ತದೆ. ಟೆಂಟ್, ಮರದ ಮನೆ, ಕಾಟೇಜ್ ಇವೆ. ಊಟ ಗೋಲ್‌ಘರ್ ಎಂಬ ಊಟದ ಮನೆಯಲ್ಲಿ, ಎಲ್ಲರೂ ಒಂದೇ ಕಡೆ. ಮರಗಳ ನಡುವೆ ಕಟ್ಟಿದ ಜೋಲಿಗಳಲ್ಲಿ ಮಲಗಿ ಹೊಳೆ ನೋಡುತ್ತಾ ಮಧ್ಯಾಹ್ನ ಕಳೆಯಬಹುದು. ದರ ಮಾತ್ರ ತಲೆಲೆಕ್ಕದ್ದು. ನಾಲ್ಕೈದು ಮಂದಿಯ ಸಾಧಾರಣ ಸಂಬಳದ ಮನೆಗೆ ಅದು ಭಾರವೇ. ಸರ್ಕಾರದ ಸಂಸ್ಥೆ ಸರ್ಕಾರಿ ಶಾಲೆಯ ಮಕ್ಕಳನ್ನೂ ನೆನಪಿಟ್ಟುಕೊಂಡು ವರ್ಷದಲ್ಲಿ ಕೆಲವು ದಿನ ಅವರಿಗಾಗಿ ಮೀಸಲಿಟ್ಟರೆ ಶಿಬಿರದ ಗೌರವ ಹೆಚ್ಚುತ್ತದೆ.

ಹೋಗುವವರ ಹೊಣೆಯೂ ಕಡಿಮೆಯಲ್ಲ. ಹತ್ತಿರದ ಮುತ್ತತ್ತಿಯಲ್ಲಿ ಸುಳಿಗೆ ಸಿಕ್ಕು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಕೊರಕಲು ಬಂಡೆಗಳಿವೆ. ಮಕ್ಕಳನ್ನು ಹೊಳೆಗೆ ಇಳಿಸಬೇಡಿ, ತೆಪ್ಪದಲ್ಲಿ ಲೈಫ್ ಜಾಕೆಟ್ ಬಿಚ್ಚಬೇಡಿ. ಸಂಜೆಯಾದ ಮೇಲೆ ಆನೆಗಳು ನೀರಿಗೆ ಬರುವ ಜಾಗವಿದು, ಸ್ಪೀಕರ್ ಮನೆಯಲ್ಲೇ ಇರಲಿ. ತಂದ ಪ್ಲಾಸ್ಟಿಕ್ ನಿಮ್ಮ ಜೊತೆಗೇ ವಾಪಸ್ ಹೋಗಲಿ.

ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ. ಹೊಸ ಆಟ ಸೇರಿಸುವ ಹಣದಲ್ಲಿ ಇನ್ನಿಬ್ಬರು ಪ್ರಕೃತಿ ಮಾರ್ಗದರ್ಶಕರನ್ನು, ಸಾಧ್ಯವಾದರೆ ಸುತ್ತಲಿನ ಹಳ್ಳಿಗಳಿಂದಲೇ, ಕನ್ನಡದಲ್ಲಿ ಮಕ್ಕಳಿಗೆ ಕಥೆ ಹೇಳಬಲ್ಲವರನ್ನು ನೇಮಿಸಿ. ಭೀಮೇಶ್ವರಿಯ ಕಣಿವೆಗೆ ಬೇಕಾದ ಸೌಲಭ್ಯ ಅದು.