ರವದಿ ಹೊಗೆ ಕಾಣದ ನಕಾಶೆ

ಗೋಕಾಕದ ಗಾಳಿ ಹೇಗಿದೆ ಅಂತ ಮೊಬೈಲನ್ನು ಕೇಳಿ ನೋಡಿ, ತಕ್ಷಣ ಒಂದು ಅಂಕಿ ಬರುತ್ತದೆ. ಊರಲ್ಲಿ ಯಾರೋ ಯಂತ್ರ ಇಟ್ಟು ಅಳೆದಿದ್ದಾರೆ ಅಂತಲೇ ನಾವು ನಂಬ್ತೀವಿ. ಅನೇಕ ಆ್ಯಪ್‌ಗಳಲ್ಲಿ ಅದು ಅಳತೆಯಲ್ಲ, ಲೆಕ್ಕ. ಎಲ್ಲೋ ಇರುವ ದೊಡ್ಡ ಕಂಪ್ಯೂಟರೊಂದು ಗಾಳಿ, ಬಿಸಿಲು, ಹೊಗೆ, ರಾಸಾಯನಿಕ ಕ್ರಿಯೆಗಳನ್ನೆಲ್ಲ ಕೂಡಿಸಿ 'ಇಷ್ಟಿರಬಹುದು' ಅಂದದ್ದು.

ಇಂಥ ಲೆಕ್ಕಗಳಲ್ಲಿ ಯುರೋಪಿನ ಕೋಪರ್ನಿಕಸ್ ವಾತಾವರಣ ಸೇವೆಯದು ದೊಡ್ಡ ಹೆಸರು. ಅದರ ಮಾಡೆಲ್ ಆಗಾಗ ಹೊಸದಾಗುತ್ತದೆ. 2023ರ ಜೂನ್‌ನಲ್ಲಿ ಬಂದ ಆವೃತ್ತಿಯಲ್ಲಿ ಓಝೋನ್ ಪದರ ಇರುವ ಎತ್ತರದ ರಸಾಯನಶಾಸ್ತ್ರವನ್ನೂ ವಿವರವಾಗಿ ಸೇರಿಸಿದರು. ದೊಡ್ಡ ಕೆಲಸವೇ, ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ನನ್ನ ತಕರಾರು ಇರುವುದು ನೆಲದ ಬಗ್ಗೆ. ಆ ಜಾಗತಿಕ ಮುನ್ಸೂಚನೆಯ ಒಂದು ಚೌಕ ಸುಮಾರು 40 ಕಿಲೋಮೀಟರ್ ಅಗಲ. ಗುಡ್ಡಗಳ ನಡುವಿನ ನಮ್ಮೂರು, ಆಚೆಯ ಬಯಲು, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಯ ಚಿಮಣಿ ಎಲ್ಲಕ್ಕೂ ಅಲ್ಲಿ ಒಂದೇ ಸರಾಸರಿ.

ಚೌಕವನ್ನು ಸಣ್ಣದು ಮಾಡಿದರೆ ಸರಿಹೋದೀತೇ? ಪೂರ್ತಿ ಇಲ್ಲ. ಬೆಂಕಿಯ ಲೆಕ್ಕ ಈ ಮಾಡೆಲ್‌ಗೆ ಬರುವುದು ಉಪಗ್ರಹದಿಂದ. ಅದಕ್ಕೆ ಬಹುಕಾಲ ಆಧಾರವಾಗಿದ್ದ ಮೋಡಿಸ್ ಉಪಕರಣಗಳು ಹಗಲಲ್ಲಿ ನಮ್ಮ ಮೇಲೆ ಬಹುಕಾಲ ಹಾಯುತ್ತಿದ್ದುದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಂದೂವರೆ ಸುಮಾರಿಗೆ ಒಮ್ಮೆ. ನಮ್ಮ ಕಡೆ ಕಬ್ಬು ಕಟಾವಾದ ಮೇಲೆ ಉಳಿದ ರವದಿಗೆ ಬೆಂಕಿ ಹಚ್ಚೋದು ಯಾವಾಗ? 'ಗಾಳಿ ಬೀಳ್ಲಿ ತಡೀರಿ, ಬಾಜೂ ಹೊಲಕ್ಕ ಬೆಂಕಿ ಹೋಗತೈತಿ' ಅಂತ ಸಂಜೆವರೆಗೆ ಕಾಯ್ತಾರೆ. ಒಂದೆಕರೆ ರವದಿ ಉರಿದು ಮುಗಿಯೋಕೆ ಎಷ್ಟು ಹೊತ್ತು ಬೇಕು? ಉಪಗ್ರಹ ಮತ್ತೆ ಬರುವಷ್ಟರಲ್ಲಿ ಬರೀ ಬೂದಿ. ಚಳಿಗಾಲದ ಸಂಜೆ ಹೊಗೆ ಮೇಲೇಳೋದಿಲ್ಲ, ಮನೆಗಳ ಎತ್ತರದಲ್ಲೇ ಮಲಗಿರುತ್ತದೆ. ಅಂದರೆ ಉಸಿರಾಟಕ್ಕೆ ಅತಿ ಕೆಟ್ಟ ಹೊಗೆಯೇ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಇದು ನನ್ನ ಕಲ್ಪನೆಯಲ್ಲ. 2024ರಲ್ಲಿ ನಾಸಾದ ಹಿರೇನ್ ಜೇಠ್ವಾ ಪಂಜಾಬ್, ಹರಿಯಾಣದ ಕೂಳೆ ಬೆಂಕಿಯ ಬಗ್ಗೆ ಇದನ್ನೇ ತೋರಿಸಿದರು. ಸದಾ ಒಂದೇ ಕಡೆ ನೋಡುತ್ತಿರುವ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರ ನೋಡಿದರೆ ಬೆಂಕಿ ಇಳಿಹೊತ್ತಿಗೆ ಸರಿದಿತ್ತು. ಮಧ್ಯಾಹ್ನದ ಎಣಿಕೆ ಮಾತ್ರ ನೋಡಿದವರಿಗೆ ಬೆಂಕಿಯೇ ಕಡಿಮೆಯಾದಂತೆ ಕಂಡಿತ್ತು. ಅಲ್ಲಿ ಹೊಗೆ ದೆಹಲಿಗೆ ಹೋಗುತ್ತದೆ, ಹಾಗಾಗಿ ಕೇಳುವವರಿದ್ದರು. ನಮ್ಮ ಹೊಗೆ ಹೋಗೋದು ಹೆಚ್ಚೆಂದರೆ ಪಕ್ಕದ ಊರಿಗೆ.

ನಕಾಶೆ ಹಸಿರಾಗಿದ್ದರೆ ಆಸ್ತಮಾ ಇರುವ ಅಜ್ಜಿಯನ್ನು ಸಂಜೆ ಅಂಗಳದಲ್ಲಿ ಕೂರಿಸ್ತೀವಿ. ಅಳತೆ ಕೇಂದ್ರ ಎಲ್ಲಿ ಬೇಕು ಅಂತ ನೋಡುವ ಅಧಿಕಾರಿಯೂ ಅದೇ ಹಸಿರನ್ನು ನೋಡ್ತಾನೆ. ಕೇಂದ್ರ ಇಲ್ಲ ಅಂದ್ರೆ ಮಾಡೆಲ್ ತಪ್ಪಿದ್ದನ್ನು ತೋರಿಸೋರೂ ಇಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿಗೆ ನಿರಂತರ ಅಳತೆ ಯಂತ್ರ ಹಾಕಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ರವದಿಗೆ ಚಿಮಣಿ ಎಲ್ಲಿಂದ ಬರಬೇಕು?

ಬೇಕಾದ ಮಾಹಿತಿ ಇಲ್ಲೇ ಬಿದ್ದಿದೆ. ಯಾವ ಹೊಲದ ಕಬ್ಬು, ಎಷ್ಟು ಎಕರೆ, ಯಾವತ್ತು ಕಟಾವು ಅನ್ನೋದನ್ನು ಕಾರ್ಖಾನೆಗಳು ಬರೆದಿಡುತ್ತವೆ. ಆ ದಿನಾಂಕಕ್ಕೆ ರವದಿ ಒಣಗುವ ನಾಲ್ಕಾರು ದಿನ ಕೂಡಿಸಿ, ಹೊತ್ತು ಸಂಜೆ ಅಂತ ಹಾಕಿದರೆ ಉಪಗ್ರಹಕ್ಕಿಂತ ಹತ್ತಿರದ ಅಂದಾಜು ಸಿಕ್ಕೀತು. ಆದರೆ ರೈತರ ಹೆಸರು ಮಾತ್ರ ಹೊರಗೆ ಹೋಗಬಾರದು, ಊರು ಮತ್ತು ಎಕರೆ ಸಾಕು. ಹೆಸರು ಹೋದರೆ ಮಾಡೆಲ್ ಹೊಸದಾಗುವ ಮೊದಲೇ ಮನೆಗೆ ನೋಟೀಸು ಬರುತ್ತದೆ. ನೋಟೀಸಿಗೆ ಹೆದರಿದವನು ಕಡ್ಡಿ ಗೀರುವ ಹೊತ್ತನ್ನು ಇನ್ನಷ್ಟು ಕತ್ತಲಿಗೆ ದೂಡ್ತಾನೆ.