ಸೈನ್ಯದ ಹಿಂದೆ ನಡೆದ ಕುಂಚ

ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರ 1791ರಲ್ಲಿ ಮುಂಬಯಿಗೆ ಬಂದಿಳಿದ. ಆ ವರ್ಷ ಮತ್ತು ಮರುವರ್ಷ ಅವನು ಬರೆದುಕೊಂಡ ಮುಂಬಯಿಯ ಹನ್ನೆರಡು ದೃಶ್ಯಗಳು ಅವನು ತೀರಿಕೊಂಡ ಐದು ವರ್ಷಗಳ ಮೇಲೆ, 1800ರಲ್ಲಿ, ಅಚ್ಚಾಗಿ ಹೊರಬಂದವು. ಅವುಗಳಲ್ಲೊಂದು ಸಾಯನ್ ಕೋಟೆಯ ಮೇಲಿಂದ ಕಂಡದ್ದು. ಆ ಗುಡ್ಡ ಬಹುಕಾಲ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿಯ ಕೊನೆಯಾಗಿತ್ತು. ಖಾಡಿ ದಾಟಿದರೆ ಸಾಷ್ಟಿ ದ್ವೀಪ. ನಾನಿರುವ ವಿಕ್ರೋಳಿ ಸಾಷ್ಟಿಯ ನೆಲ. 1739ರ ಹೊತ್ತಿಗೆ ಮರಾಠರು ಅದನ್ನು ಪೋರ್ಚುಗೀಸರಿಂದ ಗೆದ್ದರು, 1774ರ ಕೊನೆಗೆ ಕಂಪನಿಯವರು ಮರಾಠರಿಂದ ಕಸಿದರು, 1782ರ ಸಾಲ್ಬಾಯಿ ಒಪ್ಪಂದದಲ್ಲಿ ಅದು ಕಂಪನಿಗೇ ಉಳಿಯಿತು. ಹಾಗೆ ಉಳಿದ ಒಂಬತ್ತನೆಯ ವರ್ಷಕ್ಕೆ ಚಿತ್ರಕಾರ ಬಂದ.

ಈ ಅನುಕ್ರಮವನ್ನು ನಾನು ಆಕಸ್ಮಿಕ ಎಂದು ಭಾವಿಸುವುದಿಲ್ಲ. ಮೊದಲು ಫಿರಂಗಿ, ಅದರ ಜೊತೆಗೋ ಬೆನ್ನಿಗೋ ಸರ್ವೆ ಸರಪಳಿ, ಆಮೇಲೆ ಕುಂಚ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮವನ್ನು ಬರೆದವರ ದೊಡ್ಡ ಪರಂಪರೆಯೊಂದಿದೆ. ಕಲಾ ಇತಿಹಾಸದ ಪುಸ್ತಕಗಳು ಅದನ್ನು ಆ ದೇಶದ ವಿಶೇಷವೆಂಬಂತೆ ಹೇಳುತ್ತವೆ. ಆದರೆ ಆ ಪರಂಪರೆಯ ಬಿಯರ್‌ಸ್ಟಾಟ್ ರಾಕಿ ಪರ್ವತಗಳಿಗೆ ಹೊರಡುವ ಸುಮಾರು ಎಪ್ಪತ್ತು ವರ್ಷ ಮೊದಲೇ ಈ ಬಗೆಯ ಚಿತ್ರಕಲೆ ನಮ್ಮ ಸಾವನದುರ್ಗ, ನಂದಿದುರ್ಗ, ಶಿವಗಂಗೆಗಳ ಬುಡದಲ್ಲಿ ನಡೆದಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಯಾವುದನ್ನೂ ಸರಿಯಾಗಿ ಬೆಲೆಕಟ್ಟಲಾಗದು ಎಂದು ನನ್ನ ನಂಬಿಕೆ.

ಅಮೆರಿಕದ ಕಥೆ ಬಹುಮಂದಿಗೆ ಗೊತ್ತಿರುವುದೇ. ಜರ್ಮನಿಯಲ್ಲಿ ಹುಟ್ಟಿದ ಆಲ್ಬರ್ಟ್ ಬಿಯರ್‌ಸ್ಟಾಟ್ 1859ರಲ್ಲಿ ಫ್ರೆಡರಿಕ್ ಲ್ಯಾಂಡರ್ ಎಂಬ ಅಧಿಕಾರಿಯ ಸರ್ವೆ ತಂಡದ ಜೊತೆ ಪಶ್ಚಿಮಕ್ಕೆ ಹೋದ. ಅಲ್ಲಿಂದ ತಂದ ಟಿಪ್ಪಣಿಚಿತ್ರಗಳನ್ನು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹರಡಿಕೊಂಡು 1863ರಲ್ಲಿ ಆರಡಿ ಎತ್ತರ, ಹತ್ತಡಿ ಅಗಲದ ತೈಲಚಿತ್ರವೊಂದನ್ನು ಮುಗಿಸಿದ. ಅದರಲ್ಲಿರುವ ಶಿಖರಕ್ಕೆ ಆಗಷ್ಟೇ ತೀರಿಕೊಂಡಿದ್ದ ಲ್ಯಾಂಡರನ ಹೆಸರಿಟ್ಟ. ಚಿತ್ರ 1865ರಲ್ಲಿ 25,000 ಡಾಲರಿಗೆ ಮಾರಾಟವಾಯಿತು. ಆ ಶಿಖರವನ್ನು ಅದೇ ರೂಪದಲ್ಲಿ ಯಾವ ಜಾಗದಲ್ಲಿ ನಿಂತರೂ ಕಾಣಲಾಗದು, ಹಲವು ಬೆಟ್ಟಗಳನ್ನು ಕೂಡಿಸಿ ಕಟ್ಟಿದ್ದು. ಮುನ್ನೆಲೆಯಲ್ಲಿ ಶೊಶೋನಿ ಜನರ ಬಿಡಾರವಿದೆ. ಆದರೆ ಚಿತ್ರದ ಬೆಳಕೆಲ್ಲ ಜಲಪಾತಕ್ಕೆ ಸಂದಿದೆ, ಜನ ನೆರಳಿನಲ್ಲಿ ಉಳಿದಿದ್ದಾರೆ. ಥಾಮಸ್ ಮೊರಾನ್ 1871ರಲ್ಲಿ ಹೇಡನ್‌ನ ಭೂವಿಜ್ಞಾನ ಸರ್ವೆಯ ಜೊತೆ ಯೆಲ್ಲೊಸ್ಟೋನಿಗೆ ಹೋದ. ಮರುವರ್ಷ ಮಾರ್ಚಿನಲ್ಲಿ ಆ ನೆಲ ರಾಷ್ಟ್ರೀಯ ಉದ್ಯಾನವಾಯಿತು, ಅವನ ಕಣಿವೆಯ ಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರ್ ಕೊಟ್ಟು ಕೊಂಡಿತು. ಮೊರಾನನ ಬಣ್ಣಗಾರಿಕೆ ಅಸಾಧಾರಣವಾದದ್ದು. ಆ ಹಳದಿಯನ್ನು ಹಾಗೆ ಹಚ್ಚಬಲ್ಲವರು ಅವನ ಕಾಲದಲ್ಲಿ ಹೆಚ್ಚು ಜನ ಇರಲಿಲ್ಲ. ಆದರೂ ಆ ಕಣಿವೆಯಲ್ಲಿ ತಲೆಮಾರುಗಳಿಂದ ಓಡಾಡಿದವರ ನೆನಪನ್ನು ಅವನ ಚಿತ್ರ ಹೊತ್ತಿಲ್ಲ.

ಈಗ ನಮ್ಮ ಕಡೆಗೆ.

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿಯಿತು. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು, ಡಿಸೆಂಬರ್ 21ರಂದು ಸಾವನದುರ್ಗ. ಆ ಸೈನ್ಯದ ಜೊತೆ ನಡೆದ ಚಿತ್ರಕಾರರ ಸಂಖ್ಯೆ ನೋಡಿದರೆ ಆಶ್ಚರ್ಯವಾಗುತ್ತದೆ. ವೃತ್ತಿ ಚಿತ್ರಕಾರನಾದ ರಾಬರ್ಟ್ ಹೋಮ್ ಇದ್ದ. ಸರ್ವೆ ಅಧಿಕಾರಿ ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಇದ್ದ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಅಲೆಕ್ಸಾಂಡರ್ ಅಲನ್ ಎಂಬ ಸೈನ್ಯಾಧಿಕಾರಿ ಇದ್ದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಇದ್ದ. ಯುದ್ಧ ಮುಗಿದ ಸುಮಾರು ಎರಡು ವರ್ಷದಲ್ಲಿ ಕೋಲ್‌ಬ್ರೂಕ್, ಹೋಮ್, ಅಲನ್ ಮೂವರ ಮೈಸೂರು ದೃಶ್ಯಗಳ ಪುಸ್ತಕಗಳು ಹೊರಬಂದವು. ಹಂಟರ್ 1792ರಲ್ಲೇ ತೀರಿಕೊಂಡ, ಅವನ ಚಿತ್ರಗಳು 1805ರ ಹೊತ್ತಿಗೆ ಅಚ್ಚಾದವು. ಇಂಗ್ಲೆಂಡಿನ ಓದುಗರು ಟಿಪ್ಪುವಿನ ಹೆಸರನ್ನು ಪತ್ರಿಕೆಗಳಲ್ಲಿ ಓದಿ ಬಲ್ಲವರು, ಅವನ ಬೆಟ್ಟಗಳನ್ನು ನೋಡಲು ಹಣ ಕೊಡುತ್ತಿದ್ದರು. 1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟ. ಏಪ್ರಿಲ್‌ನಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಮದರಾಸಿನಿಂದ ಹೊರಟು ಬಾರಾಮಹಲಿನ ಕಡೆ ಬಂದರು. ಹೊಸೂರು, ರಾಯಕೋಟೆಗಳನ್ನು ಅವರು ಬರೆದರು. ಬಾರಾಮಹಲು ಕಂಪನಿಯ ಕೈಗೆ ಬಂದು ಆಗ ಹೆಚ್ಚು ದಿನ ಕಳೆದಿರಲಿಲ್ಲ.

ಅಮೆರಿಕದಲ್ಲಿ ಐವತ್ತು ವರ್ಷಗಳ ಉದ್ದಕ್ಕೆ ಹರಡಿಕೊಂಡದ್ದು ಇಲ್ಲಿ ಮೂರು ವರ್ಷದಲ್ಲಿ ಮುಗಿದುಹೋಯಿತು. ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಅಮೆರಿಕದ ಚಿತ್ರಕಾರ ತಾನು ಕಂಡ ನೆಲ ಖಾಲಿ ಎಂದು ತನಗೂ ನೋಡುಗನಿಗೂ ಹೇಳಿಕೊಳ್ಳಬಲ್ಲವನಾಗಿದ್ದ. ಮೈಸೂರಿನಲ್ಲಿ ಆ ಮಾತು ನಡೆಯುವಂತಿರಲಿಲ್ಲ. ಇಲ್ಲಿನ ಪ್ರತಿ ಬಂಡೆಯ ನೆತ್ತಿಗೂ ಕೋಟೆಗೋಡೆ ಇತ್ತು, ಬುಡದಲ್ಲಿ ಗುಡಿಯಿತ್ತು, ಕೆರೆಯಿತ್ತು. ಸಾವನದುರ್ಗಕ್ಕೆ ಫಿರಂಗಿ ಸಾಗಿಸಲು ಸೈನ್ಯ ಬಿದಿರ ಮೆಳೆಗಳನ್ನು ಕಡಿದು ದಾರಿ ಮಾಡಬೇಕಾಯಿತು. ಸೈನ್ಯದ ಹೊಟ್ಟೆ ಹೊರೆದದ್ದು ಬಹುಮಟ್ಟಿಗೆ ಲಂಬಾಣಿಗಳ ಎತ್ತುಗಳು ಹೊತ್ತು ತಂದ ಧಾನ್ಯ. ಹಾಗಾಗಿ ಚಿತ್ರಕಾರ ಬೇರೆ ದಾರಿ ಹಿಡಿದ. ದುರ್ಗವನ್ನು ದೂರ ತಳ್ಳಿದ, ನೀಲಿಗೊಳಿಸಿದ, ಮುನ್ನೆಲೆಯ ಒಂದು ಬದಿಗೆ ಕಪ್ಪಾದ ಮರವೊಂದನ್ನು ನೆಟ್ಟ, ಅದರ ಬುಡದಲ್ಲಿ ನಾಲ್ಕು ಪುಟ್ಟ ಮನುಷ್ಯರನ್ನು ಕೂರಿಸಿದ. ಇಟಲಿಯ ಭೂದೃಶ್ಯಗಳಿಂದ ಕಲಿತ ಈ ಅಚ್ಚಿನೊಳಗೆ ನಿನ್ನೆಯ ರಣರಂಗ ಇಂದಿನ ರಮ್ಯ ನೋಟವಾಯಿತು.

ಎಲ್ಲರೂ ಒಂದೇ ಮಟ್ಟದವರಲ್ಲ, ವಿಮರ್ಶಕ ಇಲ್ಲಿ ಬೇರ್ಪಡಿಸಿ ಹೇಳಲೇಬೇಕು. ಹೋಮ್ ಇವರಲ್ಲಿ ಅತ್ಯಂತ ತರಬೇತಾದ ಕೈ, ಆಂಜೆಲಿಕಾ ಕೌಫ್‌ಮನ್‌ಳ ಶಿಷ್ಯ. ಆದರೆ ಮೈಸೂರಿನ ನೆಲದ ಮಟ್ಟಿಗೆ ಅವನೇ ಅತ್ಯಂತ ದುರ್ಬಲ ಎಂದು ನನ್ನ ತೀರ್ಮಾನ. ಅವನ ಮನಸ್ಸು ಇದ್ದದ್ದು ದೊಡ್ಡ ನಾಟಕೀಯ ಕ್ಷಣಗಳಲ್ಲಿ. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸ್ ಬರಮಾಡಿಕೊಂಡ 1792ರ ಫೆಬ್ರವರಿಯ ಘಟನೆಯನ್ನು ಅವನು ತೈಲಚಿತ್ರದಲ್ಲಿ ಬರೆದ. ಅದೀಗ ಲಂಡನ್ನಿನ ರಾಷ್ಟ್ರೀಯ ಸೈನ್ಯ ಸಂಗ್ರಹಾಲಯದಲ್ಲಿದೆ. ಕಾರ್ನ್‌ವಾಲಿಸ್ ತಂದೆಯಂತೆ ಕೈಚಾಚಿದ್ದಾನೆ. ಎಡ ಅಂಚಿನಲ್ಲಿ ಚಿತ್ರಗಳ ಕಡತ ಹಿಡಿದು ನಿಂತವನು ಹೋಮನೇ. ಮಕ್ಕಳನ್ನು ಒತ್ತೆಯಿಟ್ಟ ದಿನವನ್ನು ವಾತ್ಸಲ್ಯದ ದೃಶ್ಯವಾಗಿ ಬದಲಿಸಿದ ಈ ಚಿತ್ರ ನನಗೆ ನೋವು ಕೊಡುತ್ತದೆ, ಅದರ ಕೌಶಲ ಹೆಚ್ಚಿದಷ್ಟೂ ಹೆಚ್ಚು.

ಕೋಲ್‌ಬ್ರೂಕ್ ಬೇರೆ. ಸರ್ವೆಯವನ ಕಣ್ಣಿಗೆ ಬೆಟ್ಟದ ಹೆಗಲು ಎಲ್ಲಿ ತಿರುಗುತ್ತದೆ, ಎರಡು ಶಿಖರಗಳ ನಡುವಿನ ಸೀಳು ಎಷ್ಟು ಆಳ ಎಂಬುದು ಮುಖ್ಯ. ತಪ್ಪಿದರೆ ಸೈನ್ಯ ದಾರಿ ತಪ್ಪುತ್ತದೆ. ಆ ಲೆಕ್ಕಾಚಾರ ನಮ್ಮನ್ನು ಗೆಲ್ಲುವುದಕ್ಕೇ ಇತ್ತು, ನಿಜ. ಆದರೂ ಬಂಡೆಯನ್ನು ಬಂಡೆಯಾಗಿ ಒಪ್ಪಿಕೊಂಡ ಆ ರೇಖೆಯಲ್ಲಿ ಹೋಮ್‌ಗಿಂತ, ಬಿಯರ್‌ಸ್ಟಾಟ್‌ಗಿಂತ ಹೆಚ್ಚು ಪ್ರಾಮಾಣಿಕತೆ ಇದೆ. ಮಾಗಡಿ ಕಡೆಯ ಬಂಡೆಗಳನ್ನು ಬಲ್ಲವರು ಅವನ ಚಿತ್ರದೊಳಗೆ ಊರನ್ನು ಗುರುತು ಹಿಡಿಯಬಲ್ಲರು. ಹಂಟರ್ ಕೋಟೆಯೊಳಕ್ಕೆ ಹೋದ. ಬೆಂಗಳೂರಿನ ಅರಮನೆಗೆ ಹೋಗುವ ಬೀದಿ, ಮಸೀದಿ, ಬಾಗಿಲುಗಳನ್ನು ಬರೆದ. ದೂರದ ನೀಲಿ ಬಿಟ್ಟು ಬೀದಿಗೆ ಬಂದದ್ದರಿಂದಲೇ ಈ ಗುಂಪಿನಲ್ಲಿ ಅವನ ಚಿತ್ರಗಳು ನಗರದ ಚರಿತ್ರೆ ಬರೆಯುವವರಿಗೆ ಹೆಚ್ಚು ಬೇಕಾದವು. ಅಲನ್‌ನ ವಿಷಯ ಇನ್ನೂ ವಿಚಿತ್ರ. 1794ರಲ್ಲಿ ಮೈಸೂರಿನ ದೃಶ್ಯಗಳನ್ನು ಪ್ರಕಟಿಸಿದ ಇದೇ ಅಲನ್ 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದ ದಿನ, ಬಿಳಿ ಬಾವುಟ ಹಿಡಿದು ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳ ಶರಣಾಗತಿ ಮಾತಾಡಿದ. ನೋಡುವ ಕಣ್ಣು ಮತ್ತು ಗೆಲ್ಲುವ ಕೈ ಒಬ್ಬನಲ್ಲೇ ಇದ್ದದ್ದಕ್ಕೆ ಇದಕ್ಕಿಂತ ನೇರ ಸಾಕ್ಷಿ ಅಮೆರಿಕದ ಪರಂಪರೆಯಲ್ಲೂ ನನಗೆ ಕಂಡಿಲ್ಲ.

ಈ ಎಲ್ಲ ಪುಸ್ತಕಗಳು ಬರುವ ಹತ್ತು ವರ್ಷ ಮೊದಲೇ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುಗೋಡೆಯ ಮೇಲೆ ಇನ್ನೊಂದು ಚಿತ್ರ ಇತ್ತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಕಥೆ ಅದು. 1784ರಲ್ಲಿ ಕಟ್ಟಿಸಿದ ಆ ಬೇಸಿಗೆ ಅರಮನೆಯ ಗೋಡೆಯಲ್ಲಿ ದಿಗಂತವಿಲ್ಲ, ನೀಲಿ ದೂರವಿಲ್ಲ, ಬದಿಗೆ ನೆಟ್ಟ ಮರವಿಲ್ಲ. ಆಳು, ಕುದುರೆ, ಆನೆ ಸಾಲುಸಾಲಾಗಿ ಒಂದರ ಮೇಲೊಂದು ಏರುತ್ತವೆ, ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಅವನ ಸುತ್ತಲ ಪಡೆಯ ಚೌಕ ಒಡೆಯುತ್ತಿದೆ. 1799ರ ಬಳಿಕ ಅಲ್ಲಿ ವಾಸಕ್ಕಿದ್ದ ಆರ್ಥರ್ ವೆಲ್ಲೆಸ್ಲಿ ಹಾಳಾಗಿದ್ದ ಆ ಚಿತ್ರವನ್ನು ಸರಿಪಡಿಸಿದ, ಮುಂದೆ ಡಾಲ್‌ಹೌಸಿ ಮತ್ತೆ ಬರೆಸಿದ. ಆದ್ದರಿಂದ ಇಂದು ಕಾಣುವ ಪ್ರತಿ ಗೆರೆಯೂ ಮೊದಲಿನದ್ದೆನ್ನಲಾಗದು. ಆದರೂ ರಚನೆ ಉಳಿದಿದೆ, ಅದು ಸಾಕು. ಮೈಸೂರಿನವರಿಗೆ ತಮ್ಮ ನೆಲವನ್ನು ಕಿಟಕಿಯ ಹೊರಗಿನ ನೋಟದಂತೆ ಕಾಣುವ ಅಗತ್ಯ ಇರಲಿಲ್ಲ. ಅದರ ಮೇಲೆ ನಡೆದದ್ದನ್ನು, ನಡೆಸಿದವರ ಮುಖದ ಸಮೇತ, ಹೇಳಬೇಕಿತ್ತು.

ಬೆಂಗಳೂರಿನಲ್ಲಿ ಹೋಟೆಲಿನ ಗೋಡೆಗಳ ಮೇಲೆ, ಕ್ಯಾಲೆಂಡರುಗಳಲ್ಲಿ, ಹಳೆಯ ಬೆಂಗಳೂರಿನ ಕುರಿತ ಪುಸ್ತಕಗಳ ಮುಖಪುಟದಲ್ಲಿ ಈ ಇಂಗ್ಲಿಷ್ ಅಚ್ಚುಚಿತ್ರಗಳು ಈಗ ಧಾರಾಳವಾಗಿ ಕಾಣುತ್ತವೆ. ನಾವು ಅವನ್ನು ಫೋಟೊಗಳಂತೆ ಬಳಸುತ್ತಿದ್ದೇವೆ. ‘ಆಗಿನ ಬೆಂಗಳೂರು ಹೀಗಿತ್ತು’ ಎಂದು ಕೆಳಗೆ ಒಂದು ಸಾಲು, ಅಷ್ಟೆ. ಯಾರು ಬರೆದರು, ಯಾರ ಸಂಬಳದಲ್ಲಿ ಬರೆದರು, ಬರೆದಾಗ ಕೋಟೆಯೊಳಗೆ ಹೂಳಿದ ಹೆಣಗಳೆಷ್ಟು ಎಂಬ ಪ್ರಶ್ನೆ ಕನ್ನಡ ಕಲಾವಿಮರ್ಶೆಯಲ್ಲಿ ಸಾಕಷ್ಟು ಎದ್ದಿಲ್ಲ. ಅಮೆರಿಕದಲ್ಲಿ ಬಿಯರ್‌ಸ್ಟಾಟ್ ಕುರಿತು ಈ ಬಗೆಯ ವಾದವಿವಾದ ದಶಕಗಳಿಂದ ನಡೆದಿದೆ. ಮೈಸೂರಿನ ದುರ್ಗಚಿತ್ರಗಳಿಗೆ ನಾವು ಅಷ್ಟನ್ನಾದರೂ ಸಲ್ಲಿಸಬೇಕು.

ನೆಲವನ್ನು ಮರಳಿ ನಮ್ಮ ಕುಂಚಕ್ಕೆ ತಂದವರೂ ಇದ್ದಾರೆ. ಮೈಸೂರಿನ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದ ಕೆ. ವೆಂಕಟಪ್ಪ ಊಟಿ, ಕೊಡೈಕನಾಲುಗಳ ಜಲವರ್ಣ ಬರೆದರು. ಅಲ್ಲಿಯೂ ಜನ ವಿರಳ. ಆದರೆ ಅವರ ಮಂಜು, ಅವರ ಬೆಳಗಿನ ಹೊತ್ತು ಯಾರ ಸ್ವಾಧೀನವನ್ನೂ ಸಾರುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ನಿಂತು ಹವೆ ಬದಲಾಗುವುದನ್ನು ಕಾದವರ ತಾಳ್ಮೆ ಅದು.

ಈ ತಾಳ್ಮೆಯೇ ಗಡಿಯ ಚಿತ್ರಕಾರರನ್ನು ಅಳೆಯುವ ನನ್ನ ಅಳತೆಗೋಲು. ಎಷ್ಟು ದಿನ ನಿಂತ, ನಿಂತಾಗ ಎದುರಿನವನ ಕೈಗೂ ಕುಂಚ ಬಂತೇ? ಸ್ವಿಟ್ಜರ್ಲೆಂಡಿನ ಕಾರ್ಲ್ ಬೋಡ್‌ಮರ್ 1833-34ರ ಚಳಿಗಾಲವನ್ನು ಮಿಸೌರಿ ನದಿಯ ದಡದಲ್ಲಿ, ಮಂಡಾನ್ ಜನರ ಊರಿನ ಪಕ್ಕ ಕಳೆದ. ಅಲ್ಲಿನ ನಾಯಕ ಮಾಟೊ-ಟೋಪೆಯ ಚಿತ್ರ ಬರೆದ. ಅದೇ ನಾಯಕನನ್ನು 1832ರಲ್ಲಿ ಜಾರ್ಜ್ ಕ್ಯಾಟ್ಲಿನ್ ಕೂಡ ಬರೆದಿದ್ದ. ಆದರೆ ಬೋಡ್‌ಮರ್ ಇನ್ನೂ ಒಂದು ಕೆಲಸ ಮಾಡಿದ, ನಾಯಕನಿಗೆ ಕಾಗದ, ಜಲವರ್ಣ ಕೊಟ್ಟ. ಮಾಟೊ-ಟೋಪೆ ಶೆಯೆನ್ ನಾಯಕನೊಬ್ಬನ ಜೊತೆ ತಾನು ನಡೆಸಿದ ಕೈಕೈ ಕಾಳಗವನ್ನು ತನ್ನ ಜನರ ಪದ್ಧತಿಯಲ್ಲೇ ಬರೆದ, ದಿಗಂತವಿಲ್ಲದೆ, ನೆರಳಿಲ್ಲದೆ, ದರಿಯಾ ದೌಲತ್‌ನ ಗೋಡೆಯವರು ನೋಡಿದ್ದರೆ ಒಡನೆ ಅರ್ಥಮಾಡಿಕೊಳ್ಳಬಹುದಾದ ರೀತಿಯಲ್ಲಿ. 1837ರ ಸಿಡುಬಿನಲ್ಲಿ ಅವನೂ ಅವನ ಊರಿನ ಬಹುಪಾಲು ಜನರೂ ಸತ್ತರು. ಆ ಹಾಳೆ ಉಳಿಯಿತು.

ನಮ್ಮ ಪಶ್ಚಿಮ ತೀರದಲ್ಲಿ ಅಂಥದ್ದೇ ಒಂದು ಸಂಬಂಧ ಜೇಮ್ಸ್ ವೇಲ್ಸ್‌ನದ್ದು. ಅವನು ಪುಣೆಗೆ ಹೋಗಿ ವರ್ಷಗಟ್ಟಲೆ ಪೇಶ್ವೆ ದರ್ಬಾರಿನವರನ್ನು ಬರೆದ. ಟಿಪ್ಪುವಿನ ವಿರುದ್ಧ ಕಂಪನಿ ಮತ್ತು ಪೇಶ್ವೆ ಕೈಜೋಡಿಸಿದ 1790ರ ಒಪ್ಪಂದದ ಚಿತ್ರಕ್ಕೆ ಸಾಮಗ್ರಿ ಕೂಡಿಸಿದ್ದೂ ಅವನೇ. ಅದನ್ನು ಮುಂದೆ ಥಾಮಸ್ ಡೇನಿಯಲ್ 1805ರಲ್ಲಿ ಮುಗಿಸಿದ. ಪುಣೆಯಲ್ಲಿ ವೇಲ್ಸ್ ಜೊತೆ ಕೆಲಸ ಮಾಡಿದವನು ಗಂಗಾರಾಮ ತಾಂಬಟ. ಇಂಗ್ಲಿಷರ ಪರಿಪ್ರೇಕ್ಷ್ಯವನ್ನು ಕಲಿತೂ ತನ್ನ ಗೆರೆಯನ್ನು ಬಿಟ್ಟುಕೊಡದೆ ಗಂಗಾರಾಮ ಎಲ್ಲೋರದ ಗುಹೆಗಳನ್ನು ಬರೆದ. ವೇಲ್ಸ್ 1795ರಲ್ಲಿ ಕಾನ್ಹೇರಿ ಗುಹೆಗಳನ್ನು ಬರೆಯುತ್ತಿದ್ದಾಗ ಹಿಡಿದ ಜ್ವರದಿಂದ ಠಾಣೆಯಲ್ಲಿ ಸತ್ತ, ಇದೇ ಸಾಷ್ಟಿಯ ನೆಲದಲ್ಲಿ. ಎಲ್ಲೋರದ ದೊಡ್ಡ ಪುಸ್ತಕ 1803ರಲ್ಲಿ ಹೊರಬಂದಾಗ ಅದರ ಶೀರ್ಷಿಕೆಯಲ್ಲಿ ವೇಲ್ಸ್ ಮತ್ತು ಡೇನಿಯಲ್ ಹೆಸರುಗಳಿದ್ದವು, ಗಂಗಾರಾಮನದ್ದಿರಲಿಲ್ಲ. ಅವನು ಕೈಯಾರೆ ಬರೆದ ಚಿತ್ರಗಳಲ್ಲಿ ಹಲವು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿವೆ. ಅವುಗಳ ಒಳ್ಳೆಯ ಪ್ರತಿಗಳನ್ನಾದರೂ ತರಿಸಿ, ಕೋಲ್‌ಬ್ರೂಕ್ ಮತ್ತು ಹಂಟರ್ ಬರೆದ ಮೈಸೂರಿನ ಜೊತೆಗೆ, ಪೊಲ್ಲಿಲೂರಿನ ಗೋಡೆಯ ನಕಲಿನ ಎದುರಿಗೆ ತೂಗುಹಾಕುವ ಪ್ರದರ್ಶನವೊಂದು ಮುಂಬಯಿ ಮತ್ತು ಬೆಂಗಳೂರು ಎರಡರಲ್ಲೂ ನಡೆಯಬೇಕು. ಹೋಮ್‌ನ ಒತ್ತೆಯ ಮಕ್ಕಳ ಚಿತ್ರವೂ ಅಲ್ಲಿರಲಿ, ಗಂಗಾರಾಮನ ಹೆಸರು ಮಾತ್ರ ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.